ಡೀಸೆಲ್ ವ್ಯಾನ್: ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗ್ತಿಲ್ಲ

ಸರಕುವ್ಯಾನ್:

2.2 ಲೀಟರ್, ನಾಲ್ಕು ಸಿಲಿಂಡರ್, ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಹೈ ಪ್ರೆಶರ್ ಪೈಪಿನಿಂದ, ಅಂದ್ರೆ ರೈಲಿನಿಂದ, ಡೀಸೆಲ್ ಹೋಗೋ) ಡೀಸೆಲ್ ವ್ಯಾನ್. ಕೀ ತಿರುಗಿಸಿದರೆ ಸೆಲ್ಫ್ ಗಟ್ಟಿಯಾಗಿ ತಿರುಗುತ್ತೆ, ಎಂಜಿನ್ ಹಿಡ್ಕೊಳ್ಳೋದೇ ಇಲ್ಲ. ಸೈಲೆನ್ಸರಿನಲ್ಲಿ ಹೊಗೆಯೂ ಇಲ್ಲ. ಇತ್ತೀಚೆಗೆ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದು. ಆಮೇಲಿಂದ ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಸೆಲ್ಫ್ ಉದ್ದಕ್ಕೆ ಹೊಡೀಬೇಕಾಗ್ತಿತ್ತು. ಒಮ್ಮೆ ಸ್ಟಾರ್ಟ್ ಆದರೆ ದಿನವಿಡೀ ಏನೂ ತೊಂದರೆ ಇರ್ತಿರಲಿಲ್ಲ. ಈಗ ಪೂರ್ತಿ ನಿಂತಿದೆ.

ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟರೂ ಅಷ್ಟೇ. ಟ್ಯಾಂಕಿನಲ್ಲಿ ಕಾಲು ಭಾಗ ಡೀಸೆಲ್ ಇದೆ. ಫಿಲ್ಟರ್ ಸುತ್ತಮುತ್ತ ಒಣಗಿದೆ, ಒಂದು ಹನಿಯೂ ಜಿನುಗಿಲ್ಲ, ಹಾಗಾಗಿ ಅಲ್ಲಿ ಲೀಕ್ ಇಲ್ಲ ಅಂದ್ಕೊಂಡಿದ್ದೀನಿ. ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗೋದನ್ನು ಅಳೆಯೋದು) ಹಾಕಿಸಿ ಅಂತಾರೆ ಒಬ್ಬರು, ಇಂಜೆಕ್ಟರ್ ಹೋಗಿದೆ ಅಂತಾರೆ ಇನ್ನೊಬ್ಬರು. ಮಲ್ಟಿಮೀಟರ್ ಇದೆ, ಲೈವ್ ಡೇಟಾ ತೋರಿಸೋ ಸ್ಕ್ಯಾನರೂ ಇದೆ. ಎಲ್ಲಿಂದ ಶುರು ಮಾಡಲಿ?

ಹದಿಮೂರರ ಸ್ಪ್ಯಾನರ್:

ಸದ್ಯಕ್ಕೆ ಯಾವ ಪಾರ್ಟನ್ನೂ ಕೊಳ್ಳಬೇಡಿ. ಕಾಮನ್ ರೈಲ್ ಗಾಡಿ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುತ್ತಿರುವಾಗಲೇ ಮೂರು ರೀಡಿಂಗ್ ನೋಡಬೇಕು: ಬ್ಯಾಟರಿ ವೋಲ್ಟೇಜ್, ಎಂಜಿನ್ ಆರ್‌ಪಿಎಂ, ರೈಲ್ ಪ್ರೆಶರ್. ತೊಂದರೆ ಯಾವ ಕಡೆ ಇದೆ ಅಂತ ಈ ಮೂರೇ ಹೇಳಿಬಿಡುತ್ತವೆ.

ವೋಲ್ಟೇಜ್: ಗಾಡಿ ನಿಂತಿರುವಾಗ 12.6 ಇದ್ದರೆ ಬ್ಯಾಟರಿ ತುಂಬಿದೆ, 12.4 ಇದ್ದರೆ ಮುಕ್ಕಾಲು, 12.0ಕ್ಕೆ ಇಳಿದಿದ್ದರೆ ಖಾಲಿ ಅಂತಲೇ ಲೆಕ್ಕ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಹೋದರೆ ಸೆಲ್ಫ್ ತಿರುಗಿದರೂ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸರಿಯಾಗಿ ಕೆಲಸ ಮಾಡುವುದಿಲ್ಲ. ಮೀಟರ್ ಪಿನ್ನನ್ನು ಕ್ಲ್ಯಾಂಪಿನ ಮೇಲೆ ಇಡಬೇಡಿ, ಬ್ಯಾಟರಿಯ ಸೀಸದ ಕಂಬದ ಮೇಲೇ ಇಡಿ. ಕ್ಲ್ಯಾಂಪಿಗೂ ಕಂಬಕ್ಕೂ ನಡುವೆ ಕಿಲುಬು ಕೂತಿದ್ದರೆ ಎರಡು ಕಡೆಯ ರೀಡಿಂಗೂ ಬೇರೆ ಬರುತ್ತದೆ. ಹಾಗೆ ಬೇರೆ ಬಂದರೆ ಅದೇ ಒಂದು ಸುಳಿವು.

ಆರ್‌ಪಿಎಂ: 200ರ ಆಸುಪಾಸು ಇರಬೇಕು. 150ಕ್ಕಿಂತ ಕಡಿಮೆ ಇದ್ದರೆ ಸೆಲ್ಫ್ ಮೋಟಾರ್, ಕೇಬಲ್, ಅರ್ಥ್ ಕಡೆ ಹೋಗಿ. ಎಂಜಿನ್ ತಿರುಗುತ್ತಿದ್ದರೂ ಸ್ಕ್ಯಾನರಿನಲ್ಲಿ ಸೊನ್ನೆ ಬಂದರೆ ಆಗ ಕ್ರ್ಯಾಂಕ್ ಸೆನ್ಸರ್ ಮಾತು ಎತ್ತಬಹುದು. ರೀಡಿಂಗ್ ಬರುತ್ತಿದ್ದರೆ ಅದನ್ನು ಬದಲಾಯಿಸಿ ಏನೂ ಪ್ರಯೋಜನವಿಲ್ಲ.

ರೈಲ್ ಪ್ರೆಶರ್: ಹೆಚ್ಚಿನ ಸಿಸ್ಟಮ್‌ಗಳಲ್ಲಿ 200ರಿಂದ 250 ಬಾರ್ ಮುಟ್ಟುವ ತನಕ ಇಸಿಯು ಇಂಜೆಕ್ಟರುಗಳಿಗೆ ಕರೆಂಟನ್ನೇ ಬಿಡುವುದಿಲ್ಲ. ನಿಮ್ಮ ಗಾಡಿಯಲ್ಲಿ ಹೊಗೆ ಇಲ್ಲ ಅಂದಿರಲ್ಲ, ಅದು ಇದಕ್ಕೇ ಸರಿಹೊಂದುತ್ತದೆ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್ (ತಣ್ಣಗಿರುವ ಸಿಲಿಂಡರನ್ನು ಬಿಸಿ ಮಾಡುವುದು), ಕಂಪ್ರೆಷನ್ ನೋಡಬೇಕಾಗುತ್ತಿತ್ತು. ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ಲೇ ತಲುಪುತ್ತಿಲ್ಲ.

ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷವಾದರೂ ಬಿಡಿ. ತಿರುಗುವ ಸದ್ದನ್ನೂ ಗಮನಿಸಿ. ಕಂಪ್ರೆಷನ್ನಿನ ಏರಿಳಿತ ಕೇಳಿಸದೆ ಎಂಜಿನ್ ಸುಮ್ಮನೆ ಹಗುರಾಗಿ, ಜೋರಾಗಿ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಹರಿದಿರಬಹುದು. ಅದನ್ನು ನೋಡದೆ ಮತ್ತೆ ಸೆಲ್ಫ್ ಹೊಡೆಯಬಾರದು.

ವೈರಿಂಗ್ ಪೆಟ್ಟಿಗೆ:

ಮೇಲಿನವರು ಹೇಳಿದ್ದು ಸರಿ. ಕರೆಂಟಿನ ಕಡೆಯದು ನಾನು ಸೇರಿಸ್ತೀನಿ.

ಮೊದಲು ಇಮ್ಮೊಬಿಲೈಸರ್ (ಬೇರೆ ಕೀಗೆ ಗಾಡಿ ಸ್ಟಾರ್ಟ್ ಆಗದಂತೆ ತಡೆಯೋದು) ಲೈಟ್ ನೋಡಿ. ಕೀ ಆನ್ ಮಾಡಿದ ಕೆಲವು ಸೆಕೆಂಡಿನಲ್ಲಿ ಅದು ಆರಬೇಕು. ಮಿನುಗುತ್ತಲೇ ಇದ್ದರೆ ಇಸಿಯು ಕೀಯನ್ನು ಗುರುತಿಸಿಲ್ಲ. ಇನ್ನೊಂದು ಕೀ ಹಾಕಿ ನೋಡಿ. ಒಂದೇ ಗೊಂಚಲಿನಲ್ಲಿ ಬೇರೆ ಗಾಡಿಯ ಚಿಪ್ ಕೀ ನೇತಾಡ್ತಿದ್ದರೂ ಹೀಗಾಗಬಹುದು, ಅದನ್ನು ಬಿಡಿಸಿಟ್ಟು ನೋಡಿ. ಇಮ್ಮೊಬಿಲೈಸರ್ ತಡೆದಾಗ ಕೆಲವು ಗಾಡಿಗಳಲ್ಲಿ ಸೆಲ್ಫೇ ತಿರುಗಲ್ಲ. ಕೆಲವದರಲ್ಲಿ ಸೆಲ್ಫ್ ತಿರುಗುತ್ತೆ, ಇಂಜೆಕ್ಷನ್ ಮಾತ್ರ ಬಂದ್.

ಫ್ಯೂಸನ್ನು ಕಣ್ಣಲ್ಲಿ ನೋಡಿ ನಂಬಬೇಡಿ, ಬಿಚ್ಚಿ ಓಮ್ ಅಳೆಯೋದೂ ಸಾಲದು. ಕೀ ಆನ್ ಇಟ್ಟು ಫ್ಯೂಸಿನ ತಲೆಯಲ್ಲಿ ಕಾಣುವ ಎರಡೂ ಚುಕ್ಕೆಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿ. ಎರಡರಲ್ಲೂ ಬಲ್ಬ್ ಒಂದೇ ಸಮನೆ ಉರಿಯಬೇಕು. ಮೀಟರಿನಲ್ಲಿ 12 ವೋಲ್ಟ್ ತೋರಿಸಿ ಬಲ್ಬ್ ಮಂಕಾಗಿ ಉರಿದರೆ ಆ ದಾರಿಯಲ್ಲಿ ಎಲ್ಲೋ ಜಾಯಿಂಟ್ ಸಡಿಲವಾಗಿದೆ ಅಥವಾ ಕಿಲುಬಿದೆ. ಮೀಟರ್ ಬಹಳ ಕಡಿಮೆ ಕರೆಂಟ್ ಎಳೆಯೋದರಿಂದ ಅದಕ್ಕೆ ಈ ತೊಂದರೆ ಕಾಣಿಸಲ್ಲ. ಏರ್‌ಬ್ಯಾಗ್ ವೈರಿಗೆ ಮಾತ್ರ ಟೆಸ್ಟ್ ಲ್ಯಾಂಪ್ ತಾಕಿಸಲೇಬೇಡಿ.

ಕೋಡ್ ಇದ್ದರೆ ಅಳಿಸುವ ಮುಂಚೆ ಬರೆದಿಟ್ಟುಕೊಳ್ಳಿ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್ ಸೆನ್ಸರ್, ಪಿ0087 ರೈಲ್ ಪ್ರೆಶರ್ ಕಡಿಮೆ. ಪಿ0192, ಪಿ0193 ರೈಲ್ ಪ್ರೆಶರ್ ಸೆನ್ಸರಿನವು. ಸರ್ಕ್ಯೂಟ್ ಅಂದ ಮಾತ್ರಕ್ಕೆ ಸೆನ್ಸರೇ ಕೆಟ್ಟಿದೆ ಅಂತಲ್ಲ, ಪ್ಲಗ್ಗು, ವೈರು ಎಲ್ಲವೂ ಅದರಲ್ಲಿ ಸೇರಿದೆ.

ಹಳೇ ಪಂಪು:

ಫಿಲ್ಟರ್ ಬದಲಾಯಿಸಿದ ಮೇಲೆ ಶುರುವಾಗಿದೆ ಅಂದ್ರೆ ಏರ್ ಹಿಡಿದಿದೆ, ಬೇರೇನೂ ಅಲ್ಲ. ಇಂಜೆಕ್ಟರ್ ಪೈಪಿನ ನಟ್ಟು ಅರ್ಧ ಸುತ್ತು ಸಡಿಲ ಮಾಡಿ ಸೆಲ್ಫ್ ಹೊಡೀರಿ. ನೊರೆ ಹೋಗಿ ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಅಷ್ಟಕ್ಕೂ ಆಗದಿದ್ದರೆ ಏರ್ ಇನ್‌ಟೇಕಿಗೆ ಸ್ವಲ್ಪ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಎದ್ದುಬಿಡುತ್ತೆ.

ಹದಿಮೂರರ ಸ್ಪ್ಯಾನರ್:

ಏರ್ ಇರಬಹುದು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹೇಳಿದ ಎರಡು ಉಪಾಯವೂ ಈ ಗಾಡಿಗೆ ಬೇಡ. ಓದುವವರು ಯಾರೂ ಮಾಡಬೇಡಿ, ದಯವಿಟ್ಟು.

ನಟ್ಟು ಸಡಿಲಿಸುವುದು ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿಗೆ ಸರಿ. ಕಾಮನ್ ರೈಲ್‌ನಲ್ಲಿ ಸೆಲ್ಫ್ ಹೊಡೆಯುವಾಗಲೇ ಕೆಲವು ನೂರು ಬಾರ್ ಇರುತ್ತದೆ, ಎಂಜಿನ್ ಓಡುವಾಗ ಸಾವಿರದಿಂದ ಎರಡು ಸಾವಿರ ಬಾರ್ ತನಕ ಏರುತ್ತದೆ. ಕೂದಲೆಳೆಯಷ್ಟು ಸಂದಿನಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದ ಗುರುತು ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಹಾಗಾದರೆ ನೇರ ಆಸ್ಪತ್ರೆಗೆ ಓಡಬೇಕು, ತಡ ಮಾಡಿದರೆ ಬೆರಳೇ ಹೋಗಬಹುದು. ಲೀಕ್ ಹುಡುಕಲು ಕೈ ಆಡಿಸುವುದೂ ಇದೇ ಕಾರಣಕ್ಕೆ ಬೇಡ, ರಟ್ಟಿನ ತುಂಡು ಹಿಡಿಯಿರಿ.

ಸ್ಪ್ರೇ ವಿಷಯ: ಹೀಟರ್ ಪ್ಲಗ್ ಕಾದಿರುವಾಗ ಸ್ಪ್ರೇಯಲ್ಲಿರುವ ಈಥರ್ ಒಳಗೆ ಹೋದರೆ ಪಿಸ್ಟನ್ ಮೇಲೆ ಬರುವ ಮುಂಚೆಯೇ ಹತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗ್ ಮುರಿಯುವುದು, ಕನೆಕ್ಟಿಂಗ್ ರಾಡ್ ಬಗ್ಗುವುದು ಹೀಗೆಯೇ.

ಹಳೇ ಪಂಪು:

ಸರಿ, ಕಾಮನ್ ರೈಲ್‌ಗೆ ಆ ಮಾತು ಹಿಂತೆಗೆದುಕೊಂಡೆ. ಹಳೆಯ ರೋಟರಿ ಪಂಪಿನ ವ್ಯಾನ್ ಇಟ್ಟುಕೊಂಡವರೂ ಇದನ್ನು ಓದಬಹುದು, ಅವರಿಗೆ ಒಂದು ಮಾತು. ಪಂಪಿನ ಹಿಂಬದಿಯಲ್ಲಿ ಒಂದೇ ವೈರಿನ ಸ್ಟಾಪ್ ಸೊಲೆನಾಯ್ಡ್ (ಡೀಸೆಲ್ ಬಿಡುವ, ತಡೆಯುವ ಕರೆಂಟಿನ ವಾಲ್ವ್) ಇರುತ್ತೆ. ಕೀ ಆನ್ ಮಾಡಿದಾಗ ಅದು ಟಕ್ ಅನ್ನಬೇಕು. ಅನ್ನದಿದ್ದರೆ ಆ ವೈರಿನಲ್ಲಿ 12 ವೋಲ್ಟ್ ಬರ್ತಿದೆಯಾ ನೋಡಿ. ವೋಲ್ಟ್ ಬಂದೂ ಟಕ್ ಅನ್ನದಿದ್ದರೆ ಸೊಲೆನಾಯ್ಡ್ ಹೋಗಿದೆ, ವೋಲ್ಟೇ ಇಲ್ಲದಿದ್ದರೆ ಫ್ಯೂಸ್ ಅಥವಾ ಇಗ್ನಿಷನ್ ಸ್ವಿಚ್. ಪ್ರೀ ಚೇಂಬರ್ (ಡೀಸೆಲ್ ಮೊದಲು ಪುಟ್ಟ ಕೋಣೆಯಲ್ಲಿ ಹತ್ತಿಕೊಳ್ಳೋ) ಎಂಜಿನ್ನುಗಳು ತಣ್ಣಗಿದ್ದಾಗ ಹೀಟರ್ ಪ್ಲಗ್ ಇಲ್ಲದೆ ಏಳೋದೇ ಕಷ್ಟ, ಹಾಗಾಗಿ ಅವುಗಳಲ್ಲಿ ಪ್ಲಗ್ ಮೊದಲು ನೋಡಬೇಕು.

ಸರಕುವ್ಯಾನ್:

ಎಲ್ಲರಿಗೂ ಧನ್ಯವಾದ. ರೀಡಿಂಗ್ ಹೀಗಿದೆ:

ನಿಂತಾಗ 12.5 ವೋಲ್ಟ್, ಸೆಲ್ಫ್ ಹೊಡೆಯುವಾಗ 10.4. ಆರ್‌ಪಿಎಂ 220ರಿಂದ 240. ಇಮ್ಮೊಬಿಲೈಸರ್ ಲೈಟ್ ಆರ್ತಿದೆ. ರೈಲ್ ಪ್ರೆಶರ್ ಸೆಲ್ಫ್ ಹೊಡೆಯುವಾಗ 60ಕ್ಕೆ ಹೋಗಿ 90ರ ತನಕ ಏರುತ್ತೆ, ಮತ್ತೆ ಇಳಿಯುತ್ತೆ, ನಿಲ್ಲೋದಿಲ್ಲ. ಇಸಿಯು ಕೇಳ್ತಿರೋದು 300 ಅಂತ ತೋರಿಸ್ತಿದೆ. ಕೋಡ್ ಪಿ0087 ಒಂದೇ.

ಹಾಗಾದ್ರೆ ಹೈ ಪ್ರೆಶರ್ ಪಂಪ್ ಹೋಗಿದೆಯಾ?

ಹದಿಮೂರರ ಸ್ಪ್ಯಾನರ್:

ಅಷ್ಟು ಬೇಗ ಪಂಪಿನ ಮೇಲೆ ಹಾಕಬೇಡಿ. ಬ್ಯಾಟರಿ, ಸೆಲ್ಫ್, ಕ್ರ್ಯಾಂಕ್ ಸೆನ್ಸರ್, ಕೀ ನಾಲ್ಕೂ ಸರಿ ಇವೆ ಅಂತ ಈ ಅಂಕಿಗಳೇ ಹೇಳುತ್ತಿವೆ. ಉಳಿದಿರುವುದು ಒಂದೇ ಪ್ರಶ್ನೆ: ಪ್ರೆಶರ್ ಯಾಕೆ ಕಟ್ಟುತ್ತಿಲ್ಲ? ಪಂಪಿಗೆ ಗಾಳಿ ಇಲ್ಲದ ಡೀಸೆಲ್ ಬರದೆ ಇರಬಹುದು, ಪಂಪ್ ಸೋತಿರಬಹುದು, ಅಥವಾ ಕಟ್ಟಿದ ಪ್ರೆಶರ್ ಎಲ್ಲೋ ಸೋರಿಹೋಗುತ್ತಿರಬಹುದು. ಹುಡುಕುವುದನ್ನು ಯಾವಾಗಲೂ ಮೊದಲನೆಯದರಿಂದ ಶುರು ಮಾಡಬೇಕು. ಅದು ಅಗ್ಗ, ಮತ್ತು ಫಿಲ್ಟರ್ ಬದಲಾದ ಮೇಲೆ ಅದೇ ಹೆಚ್ಚು.

ಫಿಲ್ಟರ್ ಒಣಗಿದೆ, ಹಾಗಾಗಿ ಲೀಕ್ ಇಲ್ಲ ಅಂದಿರಲ್ಲ, ಅಲ್ಲೇ ಎಲ್ಲರೂ ದಾರಿ ತಪ್ಪುವುದು. ನಿಮ್ಮ ವ್ಯಾನಿನ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇಲ್ಲದಿದ್ದರೆ ಹೈ ಪ್ರೆಶರ್ ಪಂಪಿನೊಳಗಿನ ಪುಟ್ಟ ಗೇರ್ ಪಂಪೇ ಡೀಸೆಲನ್ನು ಟ್ಯಾಂಕಿನಿಂದ ಹೀರುತ್ತದೆ. ಆಗ ಟ್ಯಾಂಕಿನಿಂದ ಪಂಪಿನ ತನಕ ಇಡೀ ಪೈಪಿನಲ್ಲಿ ಹೊರಗಿನ ಗಾಳಿಗಿಂತ ಒತ್ತಡ ಕಡಿಮೆ. ಸಂದಿ ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ರಾತ್ರಿ ಗಾಡಿ ನಿಂತಾಗ ಆ ಸಂದಿಯಿಂದಲೇ ಗಾಳಿ ನುಗ್ಗಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದುಬಿಡುತ್ತದೆ. ಬೆಳಗ್ಗೆ ಉದ್ದಕ್ಕೆ ಸೆಲ್ಫ್, ಆಮೇಲೆ ದಿನವಿಡೀ ಸರಿ ಅಂದಿರಲ್ಲ, ಕಾರಣ ಇದೇ. ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಲ್ಲಿ ಮಾತ್ರ ಒಣಗಿದ ಫಿಲ್ಟರ್ ಒಳ್ಳೆಯ ಸೂಚನೆ. ಆ ಗಾಡಿಗಳಲ್ಲಿ ಕೀ ಆನ್ ಮಾಡಿದಾಗ ಟ್ಯಾಂಕಿನ ಕಡೆಯಿಂದ ಕೆಲವು ಸೆಕೆಂಡ್ ಗುಂಯ್ ಅನ್ನುವ ಸದ್ದು ಕೇಳಿಸಬೇಕು.

ಪರೀಕ್ಷೆ ಹೀಗೆ. ಡೀಸೆಲ್ ತಡೆಯುವ ಪಾರದರ್ಶಕ ಹೋಸ್ ಒಂದು ಗೇಣು ತನ್ನಿ, ಒಳವ್ಯಾಸ ನಿಮ್ಮ ಪೈಪಿನದೇ ಇರಲಿ, ಸಾಮಾನ್ಯವಾಗಿ 8 ಅಥವಾ 10 ಮಿಲಿಮೀಟರ್. ಫಿಲ್ಟರಿಗೂ ಹೈ ಪ್ರೆಶರ್ ಪಂಪಿಗೂ ನಡುವೆ ಅದನ್ನು ಸೇರಿಸಿ, ಎರಡೂ ತುದಿಗೆ ಕ್ಲಿಪ್ ಬಿಗಿ ಮಾಡಿ. ಆ ಕ್ಲಿಪ್ಪೇ ಸಡಿಲವಿದ್ದರೆ ಅಲ್ಲಿಂದಲೇ ಗಾಳಿ ಎಳೆದು ಪರೀಕ್ಷೆ ಕೆಡುತ್ತದೆ. ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ಎಳೆಯುವ ಪುಟ್ಟ ಪಂಪ್) ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ದೊಡ್ಡ ಗುಳ್ಳೆ, ಕೊನೆಗೆ ಗುಳ್ಳೆಯೇ ಇಲ್ಲದ ಡೀಸೆಲ್ ಕಾಣಬೇಕು, ಪ್ರೈಮರ್ ಕಲ್ಲಿನಂತೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಗಾಳಿ ಬರುತ್ತಲೇ ಇದೆ. ಗಟ್ಟಿಯಾದ ಮೇಲೆ ಹೋಸಿನಲ್ಲಿ ಡೀಸೆಲ್ ಎಲ್ಲಿಯ ತನಕ ಇದೆ ಅಂತ ಪೆನ್ನಿನಲ್ಲಿ ಗೆರೆ ಎಳೆದು ಅರ್ಧ ಗಂಟೆ ಬಿಡಿ. ಗೆರೆಯಿಂದ ಇಳಿದಿದ್ದರೆ ಡೀಸೆಲ್ ವಾಪಸ್ ಹೋಗುತ್ತಿದೆ.

ಗಾಳಿ ಎಲ್ಲಿಂದ ಅನ್ನುವುದಕ್ಕೆ ಹೋಸನ್ನು ಫಿಲ್ಟರಿನ ಮುಂಚಿನ ಪೈಪಿಗೆ, ಅಂದರೆ ಟ್ಯಾಂಕಿನ ಕಡೆಗೆ, ಬದಲಾಯಿಸಿ ನೋಡಿ. ಅಲ್ಲಿ ಗುಳ್ಳೆ ಇಲ್ಲ, ಫಿಲ್ಟರ್ ದಾಟಿದ ಮೇಲೆ ಇದೆ ಅಂದರೆ ಫಿಲ್ಟರ್ ಹೌಸಿಂಗೇ ಕಾರಣ. ಅಲ್ಲಿ ನೋಡಬೇಕಾದ್ದು: ಮುಚ್ಚಳದ ದೊಡ್ಡ ಓ ರಿಂಗ್ (ರಬ್ಬರ್ ಬಳೆ), ನೀರು ಬಿಡುವ ಸ್ಕ್ರೂನ ಚಿಕ್ಕ ಓ ರಿಂಗ್, ನೀರಿನ ಸೆನ್ಸರಿನದು, ಪ್ರೈಮರಿನ ಡಯಾಫ್ರಾಮ್. ಹಳೆಯ ಓ ರಿಂಗ್ ಹೌಸಿಂಗಿಗೇ ಅಂಟಿಕೊಂಡಿದ್ದು ಅದರ ಮೇಲೇ ಹೊಸದು ಕೂತುಬಿಡುವುದು ಬಹಳ ಸಾಮಾನ್ಯ, ಬೆರಳಾಡಿಸಿ ನೋಡಿ. ಹೊಸದಕ್ಕೆ ಶುದ್ಧ ಡೀಸೆಲ್ ಸವರಿ ಕೂರಿಸಿ. ಒಣಗಿದ್ದೇ ಹಾಕಿ ತಿರುಗಿಸಿದರೆ ತಿರುಚಿಕೊಂಡು ಒಂದು ಕಡೆ ತಾನು ಕೂರುವ ತೋಡಿನಿಂದ ಹೊರಗೆ ಇಣುಕುತ್ತದೆ. ಕ್ವಿಕ್ ಕನೆಕ್ಟರ್ ಟಕ್ ಅಂತ ಪೂರ್ತಿ ಕೂತಿದೆಯಾ ಅಂತಲೂ ಎಳೆದು ನೋಡಿ.

ಇನ್ನೊಂದು ಸುಲಭದ ಪರೀಕ್ಷೆ, ಸಣ್ಣ ಇಳಿಜಾರು ಇದ್ದರೆ: ರಾತ್ರಿ ಗಾಡಿಯ ಮೂತಿ ಕೆಳಗಿರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹಾಗೆ ನಿಲ್ಲಿಸಿದಾಗ ಎಂಜಿನ್ನಿಗೆ ಹೋಲಿಸಿದರೆ ಟ್ಯಾಂಕ್ ಎತ್ತರಕ್ಕೆ ಬರುತ್ತದೆ, ಡೀಸೆಲ್ ವಾಪಸ್ ಇಳಿಯುವುದು ಕಡಿಮೆಯಾಗುತ್ತದೆ. ಮೂತಿ ಮೇಲಿದ್ದಾಗ ತೊಂದರೆ ಕೊಟ್ಟು ಮೂತಿ ಕೆಳಗಿದ್ದಾಗ ಸಲೀಸಾಗಿ ಎದ್ದರೆ ಗಾಳಿಯದೇ ತೊಂದರೆ.

ವೈರಿಂಗ್ ಪೆಟ್ಟಿಗೆ:

ಅದರ ಜೊತೆಗೆ ಸೆನ್ಸರ್ ಸುಳ್ಳು ಹೇಳ್ತಿಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೀ ಆನ್ ಮಾತ್ರ ಮಾಡಿದಾಗ ರೈಲ್ ಪ್ರೆಶರ್ ಸೊನ್ನೆಯ ಹತ್ತಿರ ಇರಬೇಕು. ಸೆನ್ಸರಿನ ಮೂರು ವೈರಿನಲ್ಲಿ ಒಂದರಲ್ಲಿ 5 ವೋಲ್ಟ್, ಒಂದು ಅರ್ಥ್, ಸಿಗ್ನಲ್ ವೈರಿನಲ್ಲಿ ಪ್ರೆಶರ್ ಇಲ್ಲದಾಗ 0.5 ವೋಲ್ಟ್ ಆಸುಪಾಸು.

ಗಾಳಿ ತೆಗೆದ ಮೇಲೂ ಪ್ರೆಶರ್ ಏರದಿದ್ದರೆ ಆಗ ಇಂಜೆಕ್ಟರ್ ರಿಟರ್ನ್ (ಉಳಿದ ಡೀಸೆಲ್ ವಾಪಸ್ ಹೋಗೋ ದಾರಿ) ನೋಡಬೇಕು. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪ್ ಬಿಚ್ಚಿ ಅಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ ನಾಲ್ಕು ಒಂದೇ ಅಳತೆಯ ಬಾಟಲಿಗೆ ಬಿಡಿ. ಸೆಲ್ಫ್ ಹೊಡೆದಾಗ ಮೂರರಲ್ಲಿ ತಳದಲ್ಲಿ ಒಂದಿಷ್ಟು, ಒಂದರಲ್ಲಿ ಮಾತ್ರ ಅದರ ಹಲವು ಪಟ್ಟು ತುಂಬಿದರೆ ಪ್ರೆಶರ್ ಸೋರ್ತಿರೋದು ಆ ಇಂಜೆಕ್ಟರಿನಿಂದ. ಇದು ಸೊಲೆನಾಯ್ಡ್ (ಕರೆಂಟಿನ ಅಯಸ್ಕಾಂತದಿಂದ ತೆರೆಯೋ) ಇಂಜೆಕ್ಟರಿಗೆ ಹೇಳಿದ್ದು. ಪೀಜೋ (ಕರೆಂಟ್ ಕೊಟ್ಟರೆ ಹಿಗ್ಗೋ ಹರಳಿನಿಂದ ತೆರೆಯೋ) ಇಂಜೆಕ್ಟರ್ ಇದ್ದರೆ ರಿಟರ್ನ್ ಬಿಚ್ಚಿ ಹೀಗೆ ಅಳೆಯಬೇಡಿ. ಕೆಲವು ಪೀಜೋಗಳು ಕೆಲಸ ಮಾಡೋಕೆ ರಿಟರ್ನಿನಲ್ಲೇ 10 ಬಾರ್ ಪ್ರೆಶರ್ ಬೇಕು.

ರೈಲಿನ ಮೇಲೆ ಪ್ರೆಶರ್ ಕಂಟ್ರೋಲ್ ವಾಲ್ವ್ ಇದ್ದರೆ ಅದರ ರಿಟರ್ನನ್ನೂ ಹೀಗೇ ಬಾಟಲಿಗೆ ಬಿಟ್ಟು ನೋಡಿ. ಸೆಲ್ಫ್ ಹೊಡೆಯುವಾಗ ಅಲ್ಲಿಂದ ಧಾರೆ ಬಂದರೆ ವಾಲ್ವ್ ಮುಚ್ಚಿಕೊಳ್ತಿಲ್ಲ.

ಹೀಟರ್ ಪ್ಲಗ್ ಬಗ್ಗೆ ಯಾರಾದರೂ ಹೇಳಿದರೆ ಈ ಗಾಡಿಗೆ ಈಗ ಬೇಡ, 90 ಬಾರಿನಲ್ಲಿ ಪ್ಲಗ್ ಏನೂ ಮಾಡಲ್ಲ. ಮುಂದೆ ಬಿಚ್ಚಬೇಕಾದರೆ ಎಂಜಿನ್ ಬಿಸಿ ಇರುವಾಗ ಬಿಚ್ಚಿ. ಎಂ10 ಪ್ಲಗ್ 35 ನ್ಯೂಟನ್ ಮೀಟರಿಗೆ ತುಂಡಾಗಬಹುದು, ಎಂ8 ಆದರೆ 20ಕ್ಕೇ. ಹೊಸ ಕಡಿಮೆ ವೋಲ್ಟಿನ ಪ್ಲಗ್ಗಿಗೆ ಪರೀಕ್ಷೆಗೆ ಅಂತ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಬೇಡಿ, ಸುಟ್ಟುಹೋಗುತ್ತೆ.

ಪಿಕಪ್ ಗೆಳೆಯ:

ನಡುವೆ ಕೇಳ್ತಿರೋದಕ್ಕೆ ಕ್ಷಮಿಸಿ. ನಮ್ಮ ವ್ಯಾನಿನಲ್ಲಿ ಸೆಲ್ಫೇ ತಿರುಗಲ್ಲ, ಒಂದು ಸಲ ಟಕ್ ಅಂತ ಸುಮ್ಮನಾಗುತ್ತೆ. ಬ್ಯಾಟರಿ 12.6 ಇದೆ.

ವೈರಿಂಗ್ ಪೆಟ್ಟಿಗೆ:

ಟಕಟಕ ಅಂತ ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಸೋತಿದೆ. ಗಟ್ಟಿಯಾಗಿ ಒಂದೇ ಟಕ್ ಆದರೆ ದಪ್ಪ ಕೇಬಲ್, ಅರ್ಥ್ ಅಥವಾ ಸೆಲ್ಫ್ ಮೋಟಾರ್. ಮೀಟರಿನ ಒಂದು ಪಿನ್ ಬ್ಯಾಟರಿ ಪ್ಲಸ್ ಕಂಬಕ್ಕೆ, ಇನ್ನೊಂದು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಇಟ್ಟು ಕೀ ತಿರುಗಿಸಿ. 0.5 ವೋಲ್ಟಿಗಿಂತ ಹೆಚ್ಚು ಬಂದರೆ ಕೇಬಲ್ ಅಥವಾ ಜಾಯಿಂಟ್. ಹಾಗೇ ಮೈನಸ್ ಕಂಬದಿಂದ ಎಂಜಿನ್ ಬ್ಲಾಕಿಗೆ, 0.3 ದಾಟಬಾರದು. ದಾಟಿದರೆ ಜಂಪ್ ಕೇಬಲಿನ ಒಂದು ಎಳೆಯನ್ನು ಮೈನಸ್ಸಿನಿಂದ ನೇರ ಎಂಜಿನ್ ಬ್ಲಾಕಿಗೆ ಹಾಕಿ ಸೆಲ್ಫ್ ಹೊಡೀರಿ. ತಿರುಗಿದರೆ ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿ ತಿಂದುಹೋಗಿದೆ. ಎರಡೂ ಸರಿ ಇದ್ದೂ ತಿರುಗದಿದ್ದರೆ ಸೆಲ್ಫ್ ಬಿಚ್ಚಬೇಕು, ಹೆಚ್ಚಾಗಿ ಬ್ರಷ್ ಸವೆದಿರುತ್ತೆ ಇಲ್ಲವೇ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುತ್ತೆ. ಈ ಎಲ್ಲ ಪರೀಕ್ಷೆಗೂ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.

ಸರಕುವ್ಯಾನ್:

ಸಿಕ್ಕಿತು. ಟ್ಯಾಂಕಿನ ಕಡೆ ಹೋಸಿನಲ್ಲಿ ಗುಳ್ಳೆ ಇಲ್ಲ, ಫಿಲ್ಟರ್ ದಾಟಿದ ಮೇಲೆ ಸಾಲಾಗಿ ಗುಳ್ಳೆ. ಮುಚ್ಚಳದ ಓ ರಿಂಗ್ ಸರಿ ಇತ್ತು. ನೀರು ಬಿಡುವ ಸ್ಕ್ರೂನ ಚಿಕ್ಕ ಓ ರಿಂಗ್ ಒಂದು ಕಡೆ ಕತ್ತರಿಸಿದ ಹಾಗೆ ಸೀಳಿತ್ತು. ಹೊಸದು ಹಾಕಿ ಪ್ರೈಮರ್ ಗಟ್ಟಿಯಾಗುವ ತನಕ ಒತ್ತಿ ಸೆಲ್ಫ್ ಹೊಡೆದರೆ ರೈಲ್ ಪ್ರೆಶರ್ 310ಕ್ಕೆ ಹೋಯಿತು, ಎಂಜಿನ್ ಎದ್ದಿತು. ಮೊದಲು ಸ್ವಲ್ಪ ಒದರಿ ಆಮೇಲೆ ಸಮವಾಯಿತು. ಬಾಟಲಿ ಪರೀಕ್ಷೆಯ ತನಕ ಹೋಗಬೇಕಾಗಲೇ ಇಲ್ಲ.

ಒಂದು ಅನುಮಾನ ಉಳಿದಿದೆ. ಇಷ್ಟು ದಿನ ಗಾಳಿ ಬೆರೆತ ಡೀಸೆಲ್‌ನಲ್ಲಿ ಪಂಪ್ ಓಡಿದೆಯಲ್ಲ, ಅದಕ್ಕೇನಾದರೂ ಪೆಟ್ಟಾಗಿರಬಹುದಾ?

ಹದಿಮೂರರ ಸ್ಪ್ಯಾನರ್:

ಕೇಳಿದ್ದು ಒಳ್ಳೆಯದಾಯಿತು. ಈ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದರ ಆಯಿಲ್. ಗಾಳಿ ಬಂದಷ್ಟು ಹೊತ್ತು ಒಣಗಿ ಓಡಿದಂತೆ. ಓಡುವಾಗ ಸೆಳೆತ ಕಡಿಮೆಯಾಗುತ್ತಿರಲಿಲ್ಲ, ಈಗ 310 ಕಟ್ಟುತ್ತಿದೆ ಅನ್ನುವುದು ಸಮಾಧಾನದ ಮಾತು. ಆದರೂ ಒಮ್ಮೆ ಪಂಪಿನ ಮೀಟರಿಂಗ್ ವಾಲ್ವ್ (ಪಂಪಿಗೆ ಎಷ್ಟು ಡೀಸೆಲ್ ಹೋಗಬೇಕು ಅಂತ ಅಳೆದು ಬಿಡುವುದು) ಬಿಚ್ಚಿ ನೋಡಿಬಿಡಿ. ಸಾಮಾನ್ಯವಾಗಿ ಎರಡು ಅಥವಾ ಮೂರು ಟಾರ್ಕ್ಸ್ ಸ್ಕ್ರೂ ಇರುತ್ತದೆ. ಬಿಚ್ಚುವ ಮುಂಚೆ ಸುತ್ತಲಿನ ಧೂಳನ್ನು ಬ್ರಷ್, ಕ್ಲೀನರ್ ಹಾಕಿ ಪೂರ್ತಿ ತೆಗೆಯಿರಿ. ಒಳಗೆ ಒಂದು ಮರಳಿನ ಕಣ ಹೋದರೂ ಇಂಜೆಕ್ಟರಿಗೆ ಕೇಡು. ಎಂಜಿನ್ ನಿಲ್ಲಿಸಿ, ಸ್ಕ್ಯಾನರಿನಲ್ಲಿ ರೈಲ್ ಪ್ರೆಶರ್ ಸೊನ್ನೆಗೆ ಇಳಿದ ಮೇಲೆಯೇ ಕೈ ಹಾಕಿ.

ವಾಲ್ವಿನ ಬಾಯಲ್ಲಿ ಬಂದ ಡೀಸೆಲನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು ಬಿಸಿಲಿನಲ್ಲಿ ಓರೆಯಾಗಿ ಹಿಡಿಯಿರಿ. ಬರೀ ಡೀಸೆಲ್ ಕಲೆಯಿದ್ದರೆ ಹೊಸ ಓ ರಿಂಗ್ ಹಾಕಿ ಮುಚ್ಚಿ, ನಿಶ್ಚಿಂತೆಯಿಂದ ಓಡಿಸಿ. ಬೆಳ್ಳಿ ಪುಡಿಯಂತೆ ಮಿನುಗಿದರೆ ಪಂಪ್ ಒಳಗಿಂದ ಸವೆಯುತ್ತಿದೆ, ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಆಗ ಪಂಪ್ ಒಂದನ್ನೇ ಬದಲಾಯಿಸಿದರೆ ಸಾಲದು. ಆ ಪುಡಿ ರೈಲ್, ಇಂಜೆಕ್ಟರ್, ರಿಟರ್ನ್ ಪೈಪ್ ಮೂಲಕ ಟ್ಯಾಂಕಿನ ತನಕ ಹೋಗಿರುತ್ತದೆ. ಟ್ಯಾಂಕ್ ಇಳಿಸಿ ತೊಳೆದು, ಪೈಪುಗಳನ್ನು ಶುಚಿ ಮಾಡಿ, ಇಂಜೆಕ್ಟರುಗಳನ್ನು ಬೆಂಚಿಗೆ ಹಾಕಿ ಪರೀಕ್ಷೆ ಮಾಡಿಸಿದ ಮೇಲೆಯೇ ಹೊಸ ಪಂಪ್ ಕೂರಿಸಬೇಕು. ಕೂರಿಸುವಾಗ ಪಂಪಿನ ಒಳಬರುವ ತೂತಿಗೆ ಶುದ್ಧ ಡೀಸೆಲ್ ತುಂಬಿಯೇ ಪೈಪ್ ಜೋಡಿಸಿ.